ಜಡೆ ಬಿಚ್ಚುವ ಮುನ್ನ ಕಾಯುವ ಸಾತುರ್ನಿನಾ

ಬೆಳಗಿನ ಐದೂವರೆ. ತಾರಾಮಾಯು ಆಸ್ಪತ್ರೆಯ ಹಿತ್ತಿಲಿನ ಶವಾಗಾರದಲ್ಲಿ ಸಾತುರ್ನಿನಾ ಕೋಲ್ಕೆ ಕಲ್ಲಿನ ಮೇಜನ್ನು ಎರಡನೆಯ ಸಲ ತೊಳೆಯುತ್ತಿದ್ದಾರೆ. ಎಡದವಡೆಯಲ್ಲಿ ಕೋಕಾ ಎಲೆಯ ಉಂಡೆ. ಒಳಗಿನ ವಾಸನೆಗೆ ಮೂವತ್ತನಾಲ್ಕು ವರ್ಷಗಳಿಂದ ಅವರಿಗೆ ಅದೇ ಮದ್ದು. ಗೋಡೆಯ ಪಕ್ಕದ ಗಾಲಿಮಂಚದ ಮೇಲೆ ನಸುಕಿನಲ್ಲಿ ಬಸ್ಸಿನಿಂದ ಬಿದ್ದು ತೀರಿಕೊಂಡ ನಡುವಯಸ್ಸಿನ ಹೆಂಗಸು ಮಲಗಿದ್ದಾಳೆ. ಎರಡು ಜಡೆ, ತುದಿಯಲ್ಲಿ ಕಪ್ಪು ಉಣ್ಣೆಯ ಗೊಂಡೆ. ಸಾತುರ್ನಿನಾ ಅವರ ಜೇಬಿನಲ್ಲಿ ಮರದ ಬಾಚಣಿಗೆ ಇದೆ. ಅದನ್ನು ಅವರು ಹೊರಗೆ ತೆಗೆಯುವುದಿಲ್ಲ. ಆಕೆಯ ಮುಖ ಒರೆಸುವುದಿಲ್ಲ, ಪಾದದ ಕೆಸರನ್ನೂ ಮುಟ್ಟುವುದಿಲ್ಲ. ಸ್ಟೂಲು ಎಳೆದುಕೊಂಡು ಕೂರುತ್ತಾರೆ.

"ಡಾಕ್ಟ್ರಮ್ಮ ಬರೋದು ಎಂಟಕ್ಕೆ. ಅವರು ನೋಡ್ಲಿ, ಫೋಟೋ ತೆಗೀಲಿ. ನನ್ ಕೆಲ್ಸ ಆಮೇಲೆ," ಎನ್ನುತ್ತಾರೆ. "ಮೊದ್ಲು ಹಿಂಗಿರ್ಲಿಲ್ಲ. ಅವರು ಬರೋ ಹೊತ್ತಿಗೆ ನಾನು ಎಲ್ಲಾ ಮುಗ್ಸಿ ಇಟ್ಟಿರ್ತಿದ್ದೆ. ಚೊಕ್ಕವಾಗಿ." ಚೊಕ್ಕ ಎಂಬ ಮಾತನ್ನು ಅವರು ಬೈಗುಳದ ಹಾಗೆ ಆಡುತ್ತಾರೆ.

ನಮ್ಮೂರಿನ ಕಾಲುವೆ ಕೊಲೆಗಳ ಕಥೆ ಗೊತ್ತಿಲ್ಲದವರು ಈಗ ಯಾರೂ ಇಲ್ಲ. ಲಾ ಪಾಸ್‌ನ ಪತ್ರಿಕೆಗಳು ಅದನ್ನು ಕುಸ್ತಿಯಂತೆ ಬಣ್ಣಿಸಿದವು. ಒಂದು ಕಡೆ ಮೂವರು ಹೆಂಗಸರನ್ನು ನೀರಿಗದುಮಿ ಕೊಂದ ಫೆರ್ಮಿನ್ ಉದಾಯೆತಾ, ಸಂತೆಯಲ್ಲಿ ಬಾರುಕೋಲು ಹೆಣೆದು ಮಾರುತ್ತಿದ್ದವನು. ಇನ್ನೊಂದು ಕಡೆ ಮರಣೋತ್ತರ ಪರೀಕ್ಷೆಯ ವೈದ್ಯೆ ಇವಾನಾ ತೆರ್ಸೆರೋಸ್. ಇಬ್ಬರ ಚಿತ್ರವೂ ಎದುರುಬದುರು ಅಚ್ಚಾಯಿತು. ಸಿನಿಮಾ ಮಾಡುತ್ತೇವೆಂದು ಯಾರೋ ಬಂದು ಕಾಲುವೆ ನೋಡಿಕೊಂಡು ಹೋದರು. ಇಬ್ಬರ ನಡುವೆ ಬಕೆಟ್ ಹಿಡಿದು ನಿಂತಿದ್ದ ಅರವತ್ತೊಂದು ವರ್ಷದ ಹೆಂಗಸನ್ನು ಯಾರೂ ಒಂದು ಮಾತು ಕೇಳಲಿಲ್ಲ. ಊರಿನ ಪತ್ರಿಕೆಗೆ ಬರೆಯುವ ನಾನೂ ಕೇಳಿರಲಿಲ್ಲ ಎಂಬುದನ್ನು ಇಲ್ಲೇ ಒಪ್ಪಿಕೊಂಡುಬಿಡುತ್ತೇನೆ.

ಸಾತುರ್ನಿನಾ ಈ ಕೆಲಸಕ್ಕೆ ಸೇರಿದ್ದು ಇಪ್ಪತ್ತೇಳನೆಯ ವಯಸ್ಸಿನಲ್ಲಿ. ಗಂಡ ಗಣಿಯ ಧೂಳಿಗೆ ಎದೆ ಕೊಟ್ಟು ಸತ್ತಿದ್ದ. ಅವನ ಹೆಣವನ್ನು ಕಾದು ಕೂತಿದ್ದಾಗ ಇಲ್ಲಿ ಕಸ ಗುಡಿಸಲು ಜನವಿಲ್ಲ ಎಂದು ತಿಳಿಯಿತಂತೆ. ದಿನಕ್ಕೆ ಹನ್ನೆರಡು ಬಕೆಟ್ ನೀರು, ವಾರಕ್ಕೆ ನಾಲ್ಕೋ ಐದೋ ದೇಹ, ಹಬ್ಬದ ವಾರವಾದರೆ ಹತ್ತು. ನೀರಿನ ನಲ್ಲಿ ಇರುವುದು ಅಂಗಳದ ಆಚೆ ತುದಿಗೆ. ಓದು ಬರಹ ಇಲ್ಲ. ಆದರೆ ಕಾಲಿನ ಚೀಟಿ ನೋಡದೆಯೇ ಯಾವ ಕಪಾಟಿನಲ್ಲಿ ಯಾರಿದ್ದಾರೆ ಎಂದು ಹೇಳಬಲ್ಲರು.

ಆ ಕೆಲಸದಲ್ಲಿ ಯಾವ ಆದೇಶದಲ್ಲೂ ಬರೆದಿರದ ಒಂದು ಭಾಗವಿದೆ. ನಮ್ಮ ಕಣಿವೆಯಲ್ಲಿ ಸತ್ತ ಹೆಂಗಸಿನ ಜಡೆಯನ್ನು ಹಾಗೇ ಬಿಡುವುದಿಲ್ಲ. ಬಿಚ್ಚಿ, ಸಿಕ್ಕು ಬಿಡಿಸಿ, ಬೆಚ್ಚಗಿನ ನೀರಿನಲ್ಲಿ ತೊಳೆದು ಹರಡಬೇಕು. ಇಲ್ಲದಿದ್ದರೆ ಆತ್ಮದ ದಾರಿಯೂ ಸಿಕ್ಕಾಗುತ್ತದೆ. ಈ ಕೆಲಸವನ್ನು ಆದಷ್ಟು ಬೇಗ ಮಾಡಬೇಕು, ಅದೂ ಹೆಂಗಸೇ ಮಾಡಬೇಕು. ದೇಹ ನಸುಕಿಗೆ ಬರುತ್ತದೆ, ವೈದ್ಯೆ ಎಂಟಕ್ಕೆ ಬರುತ್ತಾರೆ. ನಡುವಿನ ಹೊತ್ತು ಸಾತುರ್ನಿನಾ ಅವರದು. ಮೂವತ್ತು ವರ್ಷ ಯಾರೂ ಅದನ್ನು ತಪ್ಪು ಎನ್ನಲಿಲ್ಲ. ಎಷ್ಟೋ ತಾಯಂದಿರು ಅವರ ಕೈ ಹಿಡಿದು ಅತ್ತಿದ್ದಾರೆ.

ನಾಲ್ಕು ವರ್ಷದ ಹಿಂದೆ, ಸಂತೆಯ ಮಾರನೆಯ ಬೆಳಿಗ್ಗೆ, ಇಪ್ಪತ್ಮೂರು ವರ್ಷದ ಯೊವಾನಾ ಕೊಂದಾರ್ಕೊಳನ್ನು ಕಾಲುವೆಯಿಂದ ಎತ್ತಿ ತಂದರು. ಸಾತುರ್ನಿನಾ ಜಡೆ ಬಿಚ್ಚಿದರು. ಒಂದೇ ಜಡೆ, ನಾಲ್ಕು ಕಾಲಿನದು, ತುದಿಯ ಕೂದಲನ್ನು ಒಳಗೆ ತಿರುಗಿಸಿ ಬಿಗಿದಿತ್ತು. "ನಮ್ ಕಡೆ ಹುಡುಗೀರು ಮೂರು ಕಾಲಿಂದೇ ಎರಡು ಜಡೆ ಹಾಕ್ಕೊಳ್ಳೋದು. ಇದೇನಪ್ಪಾ ಹೊಸ ಫ್ಯಾಷನ್ನು ಅಂದ್ಕೊಂಡೆ. ಬಿಚ್ಚೋಕೆ ಬಾಳಾ ಹೊತ್ತು ಹಿಡೀತು. ಚೆನ್ನಾಗಿ ತೊಳ್ದೆ. ಎರಡು ಸಲ ತೊಳ್ದೆ." ಎಂಟಕ್ಕೆ ವೈದ್ಯೆ ಬಂದಾಗ ಕಂಡದ್ದು ಪುಪ್ಪುಸದ ತುಂಬ ನೀರು, ಭುಜದ ಮೇಲೆ ಹರಡಿದ ಶುಭ್ರ ಕೂದಲು. ವರದಿಯಲ್ಲಿ ಬರೆದದ್ದು: ನೀರಿನಲ್ಲಿ ಮುಳುಗಿ ಸಾವು, ಆಕಸ್ಮಿಕ.

ಮರುದಿನ ಪತ್ರಿಕೆಯಲ್ಲಿ ಎರಡು ಸಾಲಿನ ಸುದ್ದಿ ಬಂತು. ಸಂತೆಯಲ್ಲಿ ಚಿಚಾ ಕುಡಿದ ಯುವತಿ ಕಾಲುಜಾರಿ ಕಾಲುವೆಗೆ. ಅದನ್ನು ಬರೆದವನು ನಾನೇ. ಅವಳು ಕುಡಿದಿದ್ದಳೆಂದು ನನಗೆ ಯಾರೂ ಹೇಳಿರಲಿಲ್ಲ.

ಒಂದು ವರ್ಷ ಬಿಟ್ಟು ಎರಡನೆಯವಳು ಬಂದಳು, ದೆಲ್ಫಿನಾ ಎಂಬ ನೇಕಾರ್ತಿ. ಅದೇ ಜಡೆ, ತೊಳೆದ ಮೇಲೆ ಅದೇ 'ಆಕಸ್ಮಿಕ' ವರದಿ. ಈ ಸಲ ಬೆರಳುಗಳು ಗುರುತು ಹಿಡಿದವು, ಬಾಯಿ ತೆರೆಯಲಿಲ್ಲ. ಯಾಕೆ ಎಂದು ಕೇಳಿದರೆ ಸಾತುರ್ನಿನಾ ಬಾಯಲ್ಲಿದ್ದ ಎಲೆಯ ಉಂಡೆಯನ್ನು ಉಗುಳುತ್ತಾರೆ. ಆಮೇಲೆ ಹೇಳುತ್ತಾರೆ: "ಹಿಂದೆ ಇದ್ದ ಡಾಕ್ಟ್ರು ಒಂದ್ಸಲ ಅಂದಿದ್ರು, ನೀನು ನೀರು ನೋಡ್ಕೋ, ಪೊರಕೆ ನೋಡ್ಕೋ, ಹೆಣ ನಾನು ನೋಡ್ಕೋತೀನಿ ಅಂತ. ಆ ಮಾತು ಕಿವೀಲೇ ಕೂತಿತ್ತು. ಆದ್ರೆ ಅದೆಲ್ಲ ನೆಪ ಕಣಪ್ಪಾ. ಇವಾನಾ ಅಮ್ಮ ಅಂಥೋರಲ್ಲ. ಹೇಳಿದ್ರೆ ಕೇಳ್ತಿದ್ರು. ನಾನು ಹೇಳ್ಲಿಲ್ಲ, ಅಷ್ಟೇ."

ಮೂರನೆಯವಳು ರೋಸ್ಮೇರಿ, ಎರಡು ಮಕ್ಕಳ ತಾಯಿ. ಅವಳ ಜಡೆಯ ತುದಿಗೆ ಕೈ ಹಾಕಿದಾಗ ಬೆರಳು ಜಿಡ್ಡಾಯಿತು, ಮೂಗಿಗೆ ಹಳೆಯ ಕೊಬ್ಬಿನ ವಾಸನೆ ಬಡಿಯಿತು. ಸಾತುರ್ನಿನಾ ಬಾಚಣಿಗೆ ಕೆಳಗಿಟ್ಟು ಎಂಟರ ತನಕ ಅಲುಗದೆ ಕೂತರು. ವೈದ್ಯೆ ಬಂದವರು, "ಯಾಕೆ ದೋನ್ಯಾ ಸಾತು, ಹುಷಾರಿಲ್ವಾ?" ಎಂದರು. ದೋನ್ಯಾ ಎಂದು ಗೌರವದಿಂದ ಕರೆಯುವುದು ಅವರೊಬ್ಬರೇ. "ಈ ಜಡೆ ಇವಳದಲ್ಲ ಅಮ್ಮಾ. ಸತ್ತ ಮೇಲೆ ಯಾರೋ ಹಾಕಿದಾರೆ," ಎಂದರು ಸಾತುರ್ನಿನಾ. ವೈದ್ಯೆ ಬಗ್ಗಿ ನೋಡಿ, "ಇಂಥವು ಹಿಂದೆ ಎಷ್ಟು ಬಂದಿವೆ?" ಎಂದು ಕೇಳಿದರು. ಸಾತುರ್ನಿನಾ ಎರಡು ಬೆರಳು ಎತ್ತಿದರು. ಡಾಕ್ಟರ್ ತೆರ್ಸೆರೋಸ್ ಬಿಳಿ ಕೋಟಿನಲ್ಲೇ ಒದ್ದೆ ನೆಲದ ಮೇಲೆ ಕೂತುಬಿಟ್ಟರು.

ನಾಲ್ಕು ಕಾಲಿನ ಹೆಣಿಗೆ, ಕೊಬ್ಬಿನ ಜಿಡ್ಡು, ಇದು ಹಗ್ಗವೋ ಬಾರೋ ಹೆಣೆಯುವವನ ಕೈ ಎಂದು ಮುಂದಿನ ಶನಿವಾರ ಇಬ್ಬರೂ ಸಂತೆಗೆ ಹೋದರು. ಹಗ್ಗದವರು, ಕವಣೆಯವರು, ಬಾರುಕೋಲಿನವರು ಎಲ್ಲರ ಅಂಗಡಿಯಲ್ಲೂ ಸಾತುರ್ನಿನಾ ಸರಕನ್ನು ಕೈಗೆತ್ತಿಕೊಂಡು ತುದಿ ಸವರಿ ನೋಡಿದರು. ಏಳನೆಯ ಅಂಗಡಿ ಫೆರ್ಮಿನ್‌ನದು. "ತಗೊಳ್ಳಿ ಅಜ್ಜಿ, ಯಾವ ಕತ್ತೆಗೆ ಹೊಡೀಬೇಕು?" ಎಂದು ಅವನು ನಕ್ಕನಂತೆ. ಆ ಬಾರುಕೋಲಿನ ತುದಿ ಒಳಗೆ ತಿರುಗಿತ್ತು. ಜಡೆಯಲ್ಲಿದ್ದ ಕೊಬ್ಬೂ ಅವನು ಚರ್ಮಕ್ಕೆ ಸವರುವ ಕೊಬ್ಬೂ ಒಂದೇ ಎಂದು ವೈದ್ಯೆ ಪ್ರಯೋಗಾಲಯದಲ್ಲಿ ಸಾಬೀತು ಮಾಡಿದರು. ರೋಸ್ಮೇರಿಯ ಕೊಲೆಗೆ ಅವನಿಗೆ ಮೂವತ್ತು ವರ್ಷ ಶಿಕ್ಷೆಯಾಯಿತು.

ಉಳಿದಿಬ್ಬರ ಮಾತು ಬಂದಾಗ ಅವನು ಕಟಕಟೆಯಲ್ಲಿ ನೆಟ್ಟಗೆ ನಿಂತು, "ಅವರು ಜಾರಿ ಬಿದ್ರು ಅಂತ ಡಾಕ್ಟ್ರಮ್ಮನೇ ಸಹಿ ಹಾಕಿದಾರಲ್ಲ ಸ್ವಾಮೀ. ಆಗ ಸುಳ್ಳು ಹೇಳಿದ್ರೋ, ಈಗ ಹೇಳ್ತಿದಾರೋ, ಕೇಳಿ ನೋಡಿ," ಎಂದ. ವೈದ್ಯೆಯ ಸಹಿಯೇ ಅವನಿಗೆ ಗುರಾಣಿಯಾಯಿತು. ಸಾತುರ್ನಿನಾ ನ್ಯಾಯಾಧೀಶರ ಮುಂದೆ ಉಣ್ಣೆಯ ಎಳೆಗಳಲ್ಲಿ ಆ ಜಡೆಯನ್ನು ಹೆಣೆದು ತೋರಿಸಿದರು. ಬೆರಳಿನ ನೆನಪು ಸಾಕ್ಷ್ಯವಾಗದು ಎಂದು ನ್ಯಾಯಾಲಯ ಹೇಳಿತು. "ನಾನು ಸೋಮಾರಿ ಆಗಿದ್ರೆ, ಒಂದು ಎಳೆ ಬಿಚ್ಚದೆ ಬಿಟ್ಟಿದ್ರೆ, ಆ ಹುಡುಗೀರಿಗೆ ನ್ಯಾಯ ಸಿಕ್ಕಿರೋದು," ಎನ್ನುತ್ತಾರೆ. ಅಟ್ಟ ಮೇಲೆ ಒಲೆ ಉರಿಯಿತು ಎಂಬ ಗಾದೆ ಎಲ್ಲರಿಗೂ ಗೊತ್ತು. ಈ ಒಲೆಯ ಬಿಸಿ ಅವರನ್ನು ಬಿಟ್ಟಿಲ್ಲ, ನನ್ನನ್ನೂ ಬಿಟ್ಟಿಲ್ಲ.

ಹತ್ತೂವರೆಗೆ ವೈದ್ಯೆಯ ಕೆಲಸ ಮುಗಿದು, ಬಸ್ಸಿನ ಹೆಂಗಸಿನ ಜಡೆ ಬಿಚ್ಚಿ ತೊಳೆದ ಮೇಲೆ, ಸಾತುರ್ನಿನಾ ಗೇಟಿನ ಬಳಿಯ ಆಪಿ ಅಂಗಡಿಗೆ ಹೋಗುತ್ತಾರೆ. ನೇರಳೆ ಮೆಕ್ಕೆಜೋಳದ ಆ ಬಿಸಿ ಗಂಜಿ ಇಲ್ಲದೆ ಅವರ ಬೆಳಗು ಮುಗಿಯುವುದಿಲ್ಲ. ಆಂಬುಲೆನ್ಸ್ ಚಾಲಕ ಎಲೋಯ್ ತನ್ನ ಬೋಳುತಲೆ ಸವರಿಕೊಂಡು, "ಸಾತಕ್ಕಾ, ನನ್ ಸರದಿ ಬಂದಾಗ ನಿಂಗೆ ಕೆಲ್ಸಾನೇ ಇಲ್ಲ ನೋಡು," ಎನ್ನುತ್ತಾನೆ. "ನಿನ್ನ ನಾಲ್ಗೆ ಬಿಡಿಸೋಕೆ ಎರಡು ದಿನ ಬೇಕು, ಕೂತ್ಕೋ," ಎನ್ನುತ್ತಾರೆ ಅವರು. ಅಂಗಡಿಯವರು ಮಾತ್ರ ನಗುವುದಿಲ್ಲ. ಅವರು ನಿಯೆವೆಸ್ ಕೊಂದಾರ್ಕೊ, ಯೊವಾನಾಳ ತಾಯಿ.

ರೋಸ್ಮೇರಿಯ ದೇಹ ಬಂದ ದಿನವೇ ಸಾತುರ್ನಿನಾ ಇಲ್ಲಿಗೆ ಬಂದು ಎಲ್ಲವನ್ನೂ ಹೇಳಿದ್ದರು. ನಿಯೆವೆಸ್ ಅವರನ್ನು ಅಂಗಡಿಯಿಂದ ಓಡಿಸಲಿಲ್ಲ, ಬೈಯಲೂ ಇಲ್ಲ. ಅಂದಿನಿಂದ ಲೋಟವನ್ನು ಕೈಗೆ ಕೊಡುವುದಿಲ್ಲ, ಹಲಗೆಯ ಮೇಲೆ ಇಡುತ್ತಾರೆ. ಸಾತುರ್ನಿನಾ ಬೇರೆ ಅಂಗಡಿಗೆ ಹೋಗಬಹುದಿತ್ತು, ಹೋಗಿಲ್ಲ. "ನನ್ ಮಗಳಿಗೆ ನೀರು ಅಂದ್ರೆ ಭಯ," ಎಂದು ನಿಯೆವೆಸ್ ನನಗೆ ಹೇಳುತ್ತಾರೆ, ಪಕ್ಕದಲ್ಲಿ ಸಾತುರ್ನಿನಾ ಇಲ್ಲವೇನೋ ಎಂಬಂತೆ. "ಬಟ್ಟೆ ಒಗೆಯೋಕೂ ಕಾಲುವೆಗೆ ಹೋಗ್ತಿರ್ಲಿಲ್ಲ. ಅವಳೇ ಜಾರಿ ಬಿದ್ಲು ಅಂತ ಸರ್ಕಾರದ ಪೇಪರಲ್ಲಿದೆ. ಆ ಒಂದು ಪದ ತೆಗೀರಿ ಅಂತ ಮೂರು ವರ್ಷದಿಂದ ಓಡಾಡ್ತಿದೀನಿ."

ಸಾತುರ್ನಿನಾ ಡಿಸೆಂಬರಿನಲ್ಲಿ ನಿವೃತ್ತರಾಗುತ್ತಾರೆ. ಅದಕ್ಕೆ ಮೊದಲು ಆ ಪದ ಹೋಗಬೇಕೆಂಬುದೊಂದೇ ಅವರ ಆಸೆ. ಪ್ರತಿ ಸೋಮವಾರ, ಸತ್ತವರಿಗೆ ಮೇಣದಬತ್ತಿ ಹಚ್ಚುವ ದಿನ, ಅವರು ಸರ್ಕಾರಿ ವಕೀಲರ ಕಚೇರಿಯ ಬೆಂಚಿನ ಮೇಲೆ ಕೂರುತ್ತಾರೆ. ಕೊನೆಗೆ ಡಾಕ್ಟರ್ ತೆರ್ಸೆರೋಸ್ ತಮ್ಮ ವರದಿ ತಪ್ಪೆಂದು ತಾವೇ ಬರೆದುಕೊಟ್ಟರು. ಅದಕ್ಕಾಗಿ ಅವರ ಮೇಲೆ ಈಗ ವಿಚಾರಣೆ ನಡೆಯುತ್ತಿದೆ. ತಿದ್ದಿದ ಕಾಗದ ನಿನ್ನೆ ಸಂಜೆ ಬಂದಿದೆ. ಎಲೋಯ್ ಹೋದ ಮೇಲೆ ಅಂಗಡಿಯಲ್ಲಿ ಉಳಿದವರಲ್ಲಿ ಓದು ಬಲ್ಲವನು ನಾನೊಬ್ಬ ಎಂದು ಇಬ್ಬರೂ ಅದನ್ನು ನನ್ನ ಮುಂದೆ ಚಾಚುತ್ತಾರೆ.

ಓದುತ್ತೇನೆ. 'ಆಕಸ್ಮಿಕ' ಎಂಬುದಕ್ಕೆ ಅಡ್ಡಗೆರೆ ಎಳೆದಿದೆ. ಅದರ ಮುಂದೆ ಹೊಸ ಸಾಲು: ನೀರಿಗೆ ಬಿದ್ದದ್ದು ಹೇಗೆಂದು ಯಾರಿಗೂ ತಿಳಿದುಬಂದಿಲ್ಲ.

ನಿಯೆವೆಸ್ ಸೆರಗಿನಂತೆ ಹೊದ್ದ ಬಟ್ಟೆಯಿಂದ ಬಾಯಿ ಮುಚ್ಚಿಕೊಳ್ಳುತ್ತಾರೆ. ಸಮಾಧಾನವೋ ಸಂಕಟವೋ ಹೇಳಲಾರೆ. ಸಾತುರ್ನಿನಾ ಮಾತ್ರ ಇನ್ನೊಂದು ಸಲ ಓದಿಸುತ್ತಾರೆ. ಆಮೇಲೆ ನೀರಿನಲ್ಲಿ ನೆನೆದು ಬಿಳಿಚಿದ ಬೆರಳನ್ನು ಆ ಸಾಲಿನ ಮೇಲೆ ಇಡುತ್ತಾರೆ.

"ಯಾರಿಗೂ ಅಂತ ಯಾಕೆ ಬರೆದ್ರು? ನಂಗೆ ಗೊತ್ತಲ್ಲ. ನೀನು ಪತ್ರಿಕೇಲಿ ಬರೀ ಮಗಾ, ನನ್ ಹೆಸ್ರು ಹಾಕೇ ಬರೀ. ತೊಳೆದವಳಿಗೆ ಗೊತ್ತಿತ್ತು ಅಂತ."