ಟಿವಿಯಲ್ಲಿ ಹಿಂದಕ್ಕೆ ಓಡಿದ ಬೌಲರ್

ಉರುಳಿ ಹೋಗಿದ್ದ ಚೆಂಡು ಟಿವಿ ಪರದೆಯ ಮೇಲೆ ತಾನಾಗಿ ವಾಪಸು ಬಂದು ನನ್ನ ಗೆಳೆಯ ವೀರೇಶನ ಕೈ ಸೇರಿತು. ಅವನು ಬೌಲಿಂಗ್ ಗೆರೆಯಿಂದ ಹಿಂದಕ್ಕೆ ಓಡತೊಡಗಿದ. ಇದು ತೊಂಬತ್ತರ ದಶಕದ ಮಾತು. ಸಿಂಧನೂರಿನಲ್ಲಿ ಅವನ ಅಕ್ಕನ ಮದುವೆಗೆ ಬಂದಿದ್ದ ವಿಡಿಯೊದವರು ಟೇಪಿನ ಕೊನೆಯಲ್ಲಿ ಅವನ ಬೌಲಿಂಗನ್ನೂ ತೆಗೆದಿದ್ದರು. ಈಗ ಅದನ್ನು ಹಿಂದಕ್ಕೆ ತಿರುಗಿಸುತ್ತಿದ್ದರು.

“ಯಾಕಲೇ, ದೆವ್ವ ಕಂಡಂಗ ಹಿಂದ ಹಿಂದ ಓಡಾಕತ್ತೀಯಲ್ಲ?” ಎಂದರು ಅವನ ಅಜ್ಜಿ.

ವೀರೇಶ ನಗಲಿಲ್ಲ. ಪ್ರತಿ ಓವರಿನಲ್ಲೂ ಅವನ ಕಾಲು ಗೆರೆ ದಾಟಿ ನೋಬಾಲ್ ಆಗುತ್ತಿತ್ತು. ಹೀಗೇ ಆದರೆ ಲಿಂಗಸುಗೂರಿನವರ ಎದುರು ಆಡಿಸುವುದಿಲ್ಲ ಎಂದು ನಾಯಕ ಹೇಳಿಬಿಟ್ಟಿದ್ದ.

“ಇನ್ನೊಮ್ಮೆ ಹಿಂದಕ್ಕ ಬಿಡ್ರೀ ಅಣ್ಣಾ. ನಾನೂ ಗೆರಿಯಿಂದ ಹಿಂಗ ಉಲ್ಟಾ ಓಡಿದ್ರ, ಎಲ್ಲಿಂದ ಶುರು ಮಾಡಬೇಕಂತ ಗೊತ್ತಾಕ್ಕೈತಿ,” ಎಂದ ವೀರೇಶ ವಿಡಿಯೊದವನಿಗೆ.

ಮರುದಿನ ಮೈದಾನದಲ್ಲಿ ಅವನು ಗೆರೆಯ ಬಳಿ ನಿಂತು, ಪಿಚ್ಚಿಗೆ ಬೆನ್ನು ಮಾಡಿ, ಎಂದಿನ ವೇಗದಲ್ಲಿ ದೂರಕ್ಕೆ ಓಡಿ ಚೆಂಡು ಎಸೆದ. ಅವನ ಕಾಲು ಊರಿದಲ್ಲಿ ನಾನು ನನ್ನ ಚಪ್ಪಲಿ ಇಟ್ಟೆ. ಆ ಚಪ್ಪಲಿಯಿಂದ ತಿರುಗಿ ಓಡಿ ಬಂದಾಗ ಕಾಲು ಗೆರೆಯ ಒಳಗೇ ಬಿತ್ತು. ಮತ್ತೆ ಓಡಿ ಬಂದ, ಮತ್ತೆ ಒಳಗೇ ಬಿತ್ತು. ನಾಯಕ ಅವನನ್ನು ತಂಡದಲ್ಲಿ ಉಳಿಸಿಕೊಂಡ.

ಸಾಕ್ಷಿ ಇಲ್ಲದೆ ಏನನ್ನೂ ನಂಬಬಾರದೆಂದು ವಿಶ್ವವಿದ್ಯಾಲಯದಲ್ಲಿ ಕಲಿತವನು ನಾನು. ಆ ಟೇಪಿನ ಮೇಲೆ ಆಮೇಲೆ ಬೇರೇನನ್ನೋ ತುಂಬಿಕೊಂಡರಂತೆ. ನನ್ನ ನೆನಪನ್ನೂ ನಾನು ಪೂರ್ತಿ ನಂಬುವುದಿಲ್ಲ. ಆದರೆ ಸುಣ್ಣದ ಗೆರೆಗಿಂತ ಒಂದು ಬೆರಳು ಹಿಂದೆ ಮಣ್ಣಿನಲ್ಲಿ ಮೂಡಿದ್ದ ಆ ಹೆಜ್ಜೆಯನ್ನು ಬಗ್ಗಿ ಮುಟ್ಟಿ ನೋಡಿದ್ದೇನೆ.