ಒರೆಸಬಾರದಿದ್ದ ಸಾಲು

ಟೀಚರ ಸೀರೆಯ ಸೊಂಟದ ಮೇಲೆ ಯಾವಾಗಲೂ ಐದು ಬೆರಳಿನ ನೀಲಿ ಅಚ್ಚು ಇರುತ್ತಿತ್ತು. ಬಟ್ಟೆಗೆ ಗೆರೆ ಹಾಕುವ ಸೀಮೆಸುಣ್ಣ ಹಿಡಿದ ಕೈಯನ್ನು ಅವರು ಅಲ್ಲಿಗೇ ಒರೆಸಿಕೊಳ್ಳುತ್ತಿದ್ದರು. ಬಲಗೈ ಹೆಬ್ಬೆರಳ ಬುಡದಲ್ಲಿ ಕತ್ತರಿಯ ಹಿಡಿ ಮೂಡಿಸಿದ ಜಡ್ಡು, ಮೂಗಿನ ತುದಿಗೆ ಜಾರಿದ ಕನ್ನಡಕ, ಬಾಯಲ್ಲಿ ಎರಡು ಗುಂಡುಸೂಜಿ. ಬಾಯಲ್ಲಿ ಸೂಜಿ ಇಟ್ಟುಕೊಂಡೇ ಮಾತಾಡುತ್ತಿದ್ದರು. ನಾವು ಮಾಡಿದರೆ ಮಾತ್ರ ಬೈಗುಳ.

ಹೊಳೆನರಸೀಪುರದಲ್ಲಿ ಅವರ ಮನೆಯ ಮುಂದಿನ ಕೋಣೆಯೇ ಹೊಲಿಗೆ ಕ್ಲಾಸು. ನಾಲ್ಕು ಮಿಷನ್, ಹನ್ನೆರಡು ಹುಡುಗಿಯರು, ನಡುವೆ ಒಂದು ಕರಿಮರದ ಕಟಿಂಗ್ ಟೇಬಲ್. ನಾನು ಪಿಯುಸಿಯಲ್ಲಿ ಗೋತಾ ಹೊಡೆದು, ಹರದನಹಳ್ಳಿಯಿಂದ ದಿನಾ ಬಸ್ಸಿಗೆ ಬಂದು ಅಲ್ಲಿ ಕೂರುತ್ತಿದ್ದೆ. ಅವ್ವನಿಗೆ ಒಳಗೊಳಗೇ ಅಳುಕು. ಕ್ರಿಶ್ಚಿಯನ್ನರ ಮನೆ, ಬೈಬಲ್ ಗಿಬಲ್ ಓದಿಸಿ ಹುಡುಗಿಯ ತಲೆ ಕೆಡಿಸಿಬಿಟ್ಟರೆ ಅಂತ. ತಲೆ ಕೆಟ್ಟಿದ್ದು ನಿಜ, ಆದರೆ ಅವ್ವ ಅಂದುಕೊಂಡ ಹಾಗಲ್ಲ. ಟೀಚರ್ ಒಂದು ದಿನವೂ ನಮ್ಮ ಕೈಗೆ ಆ ಪುಸ್ತಕ ಕೊಡಲಿಲ್ಲ, ಚರ್ಚಿಗೆ ಬನ್ನಿ ಅನ್ನಲಿಲ್ಲ. ಕ್ರಿಸ್‌ಮಸ್ಸಿಗೆ ಹೂವಿನಚ್ಚಿನ ತಿಂಡಿ ಅಚ್ಚಪ್ಪ ಕರಿಯುವಾಗ ಮಾತ್ರ ನಮ್ಮಂಥವರಿಗೆ ಮೊಟ್ಟೆ ಹಾಕದ ಹಿಟ್ಟು ಬೇರೆ ಕಲೆಸಿ, ಬೇರೆ ಬಾಣಲೆಯಲ್ಲಿ ಕರಿದು, ಬೇರೆ ಡಬ್ಬಿಯಲ್ಲಿ ಇಡುತ್ತಿದ್ದರು.

ಅವರು ಓದುತ್ತಿದ್ದದ್ದು ಬೆಳಿಗ್ಗೆ, ನಾವು ಬರುವ ಮುಂಚೆ. ಒಂದು ಪುಟವೋ ಅರ್ಧ ಪುಟವೋ. ಓದಿ ಮುಗಿಸಿ, ಅದರಲ್ಲಿ ಅವತ್ತು ತಾವು ಮಾಡಬೇಕಾದ್ದು ಏನಿದೆ ಅಂತ ಯೋಚಿಸಿ, ಅದನ್ನು ತಮ್ಮದೇ ಮಾತಿನಲ್ಲಿ ಟೇಬಲ್ಲಿನ ಮೂಲೆಯಲ್ಲಿ ಸೀಮೆಸುಣ್ಣದಿಂದ ಒಂದು ಸಾಲಾಗಿ ಬರೆಯುತ್ತಿದ್ದರು. ಆ ಕೆಲಸ ಆದ ಮೇಲೆ ತಾವೇ ಒರೆಸುವರು. ಆಗುವವರೆಗೆ ಒರೆಸುವ ಹಾಗಿಲ್ಲ, ಮುಂದಿನ ಪುಟ ತಿರುವುವ ಹಾಗೂ ಇಲ್ಲ. ಯಾಕೆ ಹೀಗೆ ಅಂತ ನಾನು ಒಂದು ಸಲ ಕೇಳಿದ್ದಕ್ಕೆ, "ಅಳತೆ ತಗೊಂಡ್ಮೇಲೆ ಬಟ್ಟೆ ಕತ್ತರಿಸ್ಬೇಕು ಕಣವ್ವಾ. ಬರೀ ಅಳತೆ ಬರ್ಕೊಂಡು ಕೂತಿದ್ರೆ ರವಿಕೆ ಆಯ್ತದಾ?" ಅಂದರು.

ನಮಗೆ ಆ ಮೂಲೆ ಒಂದು ಆಟ. ಒಂದು ದಿನ "ಕೇಳಿದವರಿಗೆ ಇಲ್ಲ ಅನ್ನಬೇಡ" ಅಂತ ಬರೆದಿದ್ದರು. ನಾವು ಗುಸುಗುಸು ಮಾತಾಡಿಕೊಂಡು, ಹತ್ತು ಗಂಟೆಗೆಲ್ಲ ಒಟ್ಟಾಗಿ ನಿಂತು ಸಿನಿಮಾಕ್ಕೆ ಹೋಗಲು ರಜ ಕೇಳಿದೆವು. ಅವರು ಮೂಲೆ ನೋಡಿದರು, ನಮ್ಮನ್ನು ನೋಡಿದರು, ಬಾಯಲ್ಲಿದ್ದ ಸೂಜಿ ತೆಗೆದು ಮನಸಾರೆ ನಕ್ಕು ಕಳಿಸಿದರು. ಮಾರನೆಯ ದಿನ ಹೋಗಿ ನೋಡಿದರೆ "ಇರುವೆಯ ಹಾಗೆ ದುಡಿ" ಅಂತ ಇತ್ತು. ಅವತ್ತು ಸಂಜೆ ಕೊನೆಯ ಬಸ್ಸಿನವರೆಗೂ ತಲೆ ಎತ್ತಲು ಬಿಡದೆ ಕಾಜಾ ಹೊಲಿಸಿದರು. ಆ ಸಾಲು ನಿಜವಾಗಿ ಪುಸ್ತಕದಲ್ಲಿತ್ತೋ, ನಮಗೋಸ್ಕರ ಹುಡುಕಿ ತೆಗೆದರೋ, ಆ ಅನುಮಾನ ನನಗೆ ಇನ್ನೂ ಇದೆ.

ಬಸ್ ಸ್ಟ್ಯಾಂಡಿನ ಹತ್ತಿರ ಬುದ್ಧಿ ಸ್ವಾಧೀನದಲ್ಲಿಲ್ಲದ ಒಬ್ಬ ಹೆಂಗಸು ಓಡಾಡುತ್ತಿದ್ದಳು. ಮೈಮೇಲೆ ಯಾರದೋ ಹರಿದ ಶರಟು. ಯಾರು ಹತ್ತಿರ ಹೋದರೂ ಕಲ್ಲು ಎತ್ತುವಳು. ಟೀಚರ್ ರಸ್ತೆಯ ಈಚೆ ಬದಿಯಲ್ಲಿ ನಿಂತು, ಕಣ್ಣಳತೆಯಲ್ಲೇ ಅವಳ ಭುಜ, ಎದೆ, ಉದ್ದ ಲೆಕ್ಕ ಹಾಕಿ ಒಂದು ನೈಟಿ ಹೊಲಿದರು. ಗುಂಡಿ ಹಾಕಿಕೊಳ್ಳಲು ಅವಳಿಗೆ ತಿಳಿಯದು ಅಂತ ತಲೆಯಿಂದ ತೂರಿಸಿಕೊಳ್ಳುವ ಹಾಗೆ ಕತ್ತು ಅಗಲ ಇಟ್ಟರು. ಮೋಟುಗೋಡೆಯ ಮೇಲೆ ಇಟ್ಟು ಬಂದರು. ಎರಡು ದಿನ ಅದು ಅಲ್ಲೇ ಇತ್ತು, ಮೂಲೆಯಲ್ಲಿ "ಬಟ್ಟೆ ಇಲ್ಲದವರಿಗೆ ಉಡಿಸು" ಅನ್ನುವ ಸಾಲೂ ಇಲ್ಲೇ ಇತ್ತು. ಮೂರನೆಯ ದಿನ ಅವಳು ಅದನ್ನು ಒಳಹೊರಗಾಗಿ ಹಾಕಿಕೊಂಡಿದ್ದಳು. ಹೊಲಿಗೆಯೆಲ್ಲ ಹೊರಗೆ ಕಾಣುತ್ತಿತ್ತು. ನಾವು ನಕ್ಕೆವು. ಟೀಚರ್, "ಉಲ್ಟಾ ಹಾಕ್ಕೊಂಡ್ರೂ ಮೈ ಮುಚ್ತದಲ್ಲ" ಅಂದು, ಮನೆಗೆ ಬಂದು ಸಾಲು ಒರೆಸಿದರು.

ಇಂಥ ಟೀಚರ್ ಒಂದು ಸಾಲಿಗೆ ಸಿಕ್ಕಿಬಿದ್ದರು. ದೀಪಾವಳಿ ಕಳೆದ ಮೇಲೆ ಒಂದು ಬೆಳಿಗ್ಗೆ ಮೂಲೆಯಲ್ಲಿ "ಮೊದಲು ಹೋಗಿ ರಾಜಿಯಾಗು" ಅಂತ ಬರೆದಿದ್ದರು. ಅದು ಸಂಜೆಗೂ ಹೋಗಲಿಲ್ಲ, ವಾರಕ್ಕೂ ಹೋಗಲಿಲ್ಲ. ಬಟ್ಟೆ ಉಜ್ಜಿ ಮಾಸಿದರೆ ಅವರೇ ಮತ್ತೆ ತಿದ್ದುತ್ತಿದ್ದರು. ಯಾರ ಜೊತೆ ರಾಜಿ ಅಂತ ಕೇಳುವ ಧೈರ್ಯ ನಮಗಿಲ್ಲ. ಪುಸ್ತಕ ಮುಚ್ಚಿದಂತೆಯೇ ಶೆಲ್ಫಿನಲ್ಲಿತ್ತು. ದಿನಾ ಓದುವ ಹೆಂಗಸು ಒಂದೂವರೆ ತಿಂಗಳು ಓದಲಿಲ್ಲ. ಮುಖ ಬತ್ತಿತು, ನಗು ನಿಂತಿತು. ಒಂದು ದಿನ ಮದುವೆಯ ರೇಷ್ಮೆ ರವಿಕೆಯೊಂದನ್ನು ಕತ್ತರಿಸುವಾಗ ಎರಡೂ ತೋಳನ್ನು ಬಲಗೈಗೇ ಆಗುವ ಹಾಗೆ ಕತ್ತರಿಸಿಬಿಟ್ಟರು. ಕಲಿಯುವ ಮೊದಲ ತಿಂಗಳಲ್ಲಿ ನಾವು ಮಾಡುವ ತಪ್ಪು ಅದು. ಎರಡು ತೋಳನ್ನೂ ತೊಡೆಯ ಮೇಲೆ ಒಂದರ ಮೇಲೊಂದು ಇಟ್ಟು ಮತ್ತೆ ಮತ್ತೆ ನೋಡಿದರು.

ನನಗೆ ತಡೆಯಲಾಗಲಿಲ್ಲ. ಆ ಸಂಜೆ ಎಲ್ಲರೂ ಹೋದ ಮೇಲೆ, ಅವರು ಒಳಗಿದ್ದಾಗ, ಒದ್ದೆ ಬಟ್ಟೆಯಿಂದ ಆ ಸಾಲನ್ನು ಒರೆಸಿಬಿಟ್ಟೆ. ಒಂದು ಉಪಕಾರ ಮಾಡಿದೆ ಅಂತಲೇ ನನ್ನ ಲೆಕ್ಕ. ಸಾಲು ಹೋದರೆ ಪುಟ ತಿರುಗುತ್ತದೆ, ಪುಟ ತಿರುಗಿದರೆ ಟೀಚರ್ ಮೊದಲಿನ ಹಾಗಾಗುತ್ತಾರೆ. ಹತ್ತೊಂಬತ್ತು ವರ್ಷದ ಬುದ್ಧಿ.

ಬೆಳಿಗ್ಗೆ ಅವರು, ಯಾರು ಒರೆಸಿದ್ದು ಅಂತ ಕೇಳಿದರು. ನಾನು ಹೆಮ್ಮೆಯಿಂದಲೇ ಒಪ್ಪಿಕೊಂಡೆ. ಟೀಚರ್ ಕೆಂಪಾದರು. ಸ್ಕೇಲನ್ನು ಟೇಬಲ್ಲಿಗೆ ಬಡಿದು, "ಇದೇನು ನಿಮ್ಮನೆ ಗೋಡೆಯೇನೇ? ಎದ್ದೋಗು ಆಚೆಗೆ" ಅಂದರು. ಹನ್ನೊಂದು ಹುಡುಗಿಯರ ಮುಂದೆ. ನಾನು ಟೇಪು, ಕತ್ತರಿ ಬ್ಯಾಗಿಗೆ ತುರುಕಿಕೊಂಡು ಬಸ್ ಹತ್ತಿದೆ. ದಾರಿಯುದ್ದಕ್ಕೂ ಅತ್ತೆ. ಇನ್ನು ಆ ಮನೆಯ ಮೆಟ್ಟಿಲು ತುಳಿಯುವುದಿಲ್ಲ ಅಂತ ಅವ್ವನಿಗೆ ಹೇಳಿದೆ.

ಮಾರನೆಯ ದಿನ ಅಪ್ಪ ಲಿಂಗಪೂಜೆ ಮುಗಿಸಿ, ವಿಭೂತಿ ಒಣಗುವ ಮೊದಲು ಜಗುಲಿಗೆ ಬಂದರೆ, ಅಂಗಳದಲ್ಲಿ ಟೀಚರ್ ನಿಂತಿದ್ದರು. ಮೊದಲ ಬಸ್ಸಿಗೆ ಬಂದಿದ್ದರು. ಅವ್ವ ಚಾಪೆ ಹಾಸಿ ಬೆಲ್ಲ ನೀರು ತಂದಿಟ್ಟಳು. ಅವರು ಕೂರಲಿಲ್ಲ. ಬಾಗಿಲ ಹಿಂದೆ ನಿಂತಿದ್ದ ನನ್ನನ್ನು ಹೊರಗೆ ಕರೆದರು.

"ನಿನ್ನೆ ಬೈದಿದ್ದು ನಿನಗಲ್ಲ, ನನಗೇ ನಾನು ಬೈಕೊಂಡಿದ್ದು. ತಪ್ಪಾಯ್ತು ಕಣವ್ವಾ" ಅಂದರು.

ಗುರು ಶಿಷ್ಯೆಯ ಹತ್ತಿರ ತಪ್ಪಾಯ್ತು ಅನ್ನುವುದನ್ನು ಅಪ್ಪ ಎಲ್ಲೂ ಕಂಡಿರಲಿಲ್ಲ. "ಬುಡಿ ಟೀಚರಮ್ಮ, ಮಕ್ಳುಗೆ ನೀವು ಬೈಯ್ದೆ ಇನ್ಯಾರು ಬೈಬೇಕು" ಅಂದರು.

"ಬೈಯಕ್ಕೂ ಒಂದು ನ್ಯಾಯ ಬೇಕು ಯಜಮಾನ್ರೇ" ಅಂದ ಟೀಚರ್, ನನ್ನ ಕಡೆ ತಿರುಗಿದರು. "ಇದು ಸುಲಭದ್ದಾಗಿತ್ತು, ಬಂದ್ಬುಟ್ಟೆ. ಕಷ್ಟದ್ದು ಅರಕಲಗೂಡಲ್ಲಿ ಐತೆ. ಒಬ್ಬಳೇ ಹೋದ್ರೆ ಅರ್ಧ ದಾರೀಲಿ ಇಳಿದುಬಿಡ್ತೀನಿ. ಬತ್ತೀಯಾ?"

ಅವ್ವನೇ ನನಗೆ ಬೇರೆ ಸೀರೆ ತೆಗೆದುಕೊಟ್ಟು ಕಳಿಸಿದಳು. ಅವಳ ಅಳುಕು ಅವತ್ತಿಗೆ ಮುಗಿಯಿತು.

ಬಸ್ಸಿನಲ್ಲಿ ಟೀಚರ್ ಕಿಟಕಿಯ ಕಡೆ ನೋಡುತ್ತಾ ಎಲ್ಲ ಹೇಳಿದರು. ಅರಕಲಗೂಡಿನ ಹತ್ತಿರದ ಹಳ್ಳಿಯಲ್ಲಿ ಅವರ ತಂಗಿಯ ಮನೆ. ಅವರ ತಾಯಿ ಕಾಯಿಲೆ ಬಿದ್ದು ಮಲಗಿದ್ದದ್ದು ಅಲ್ಲಿ. ತಾಯಿಗೆ ಜಾಸ್ತಿಯಾಗಿದೆ, ಬಾ ಅಂತ ಸುದ್ದಿ ಬಂದಾಗ ಕ್ಲಾಸಿನ ಹುಡುಗಿಯರಿಗೆ ಸರ್ಕಾರಿ ಹೊಲಿಗೆ ಪರೀಕ್ಷೆ. ಎರಡು ದಿನ ತಾನೆ, ಮುಗಿಸಿಕೊಂಡು ಹೋಗೋಣ ಅಂದುಕೊಂಡರು. ಹೋಗುವಷ್ಟರಲ್ಲಿ ತಾಯಿ ಹೋಗಿದ್ದರು. ಮಣ್ಣು ಮಾಡುವ ಜಾಗದಲ್ಲಿ, ಊರವರ ಎದುರಿಗೆ, ತಂಗಿ ಅಂದದ್ದು: ಊರೋರ ಮಕ್ಕಳಿಗೆಲ್ಲ ತಾಯಿ ಆದೆ, ನಿನ್ನ ತಾಯಿಗೆ ಮಗಳಾಗಲಿಲ್ಲ. ಆ ಮಾತು ಸುಟ್ಟಿತು. ಟೀಚರ್ ತಿರುಗಿಸಿ, ನೀನು ನೋಡಿಕೊಂಡದ್ದು ಅವ್ವನನ್ನಲ್ಲ, ಅವ್ವನ ಕಿವಿಯ ಚಿನ್ನದ ಓಲೆಯನ್ನು ಅಂದುಬಿಟ್ಟರು. ನಾಲ್ಕು ವರ್ಷದಿಂದ ಅಕ್ಕತಂಗಿಗೆ ಮಾತಿಲ್ಲ. ಬಸ್ ಸ್ಟ್ಯಾಂಡಿನ ಹುಚ್ಚಿಗೂ ಒಂದು ಗಡಸು ಮಾತಾಡದ ಈ ಬಾಯಿಂದ ಅಂಥ ಮಾತು ಬಂತೇ ಅಂತ ನಾನು ದಂಗಾದೆ. ದೂರದವರನ್ನು ಪ್ರೀತಿಸುವುದು ಅವರಿಗೂ ಸುಲಭವಾಗಿತ್ತು ಅಂತ ಕಾಣುತ್ತದೆ.

ನಾವು ಹೋದಾಗ ತಂಗಿ ಜಗುಲಿಯ ಮೇಲೆ ಕೂತು ಗೂಡಿನ ಶಾಖದಲ್ಲಿ ಬೇಯಿಸಿ ಒಣಗಿಸಿದ ಹೊಗೆಸೊಪ್ಪನ್ನು ಬಣ್ಣದ ಪ್ರಕಾರ ಆರಿಸಿ ಗುಡ್ಡೆ ಹಾಕುತ್ತಿದ್ದರು. ಅಕ್ಕನನ್ನು ನೋಡಿದರು. ಮತ್ತೆ ಸೊಪ್ಪಿಗೆ ತಲೆ ಬಗ್ಗಿಸಿದರು. ಟೀಚರ್ ಚಪ್ಪಲಿ ಬಿಟ್ಟು ಹತ್ತಿ, ಅವರ ಎದುರಿಗೆ ಕೂತು, ತಾವೂ ಸೊಪ್ಪು ಎತ್ತಿಕೊಂಡರು. ಒಂದು ಗಂಟೆ ಇಬ್ಬರೂ ಆರಿಸಿದರು. ನಾನು ಕಂಬ ಒರಗಿ ಕೂತಿದ್ದೆ. ಹೊಗೆಸೊಪ್ಪಿನ ಘಾಟಿಗೆ ಕಣ್ಣು ಉರಿಯುತ್ತಿತ್ತು, ಸೀನು ಬಂದರೂ ಸೀನಲು ಭಯ.

ಕೊನೆಗೆ ತಂಗಿ, "ಅದು ಅಲ್ಲಿಗಲ್ಲ, ಕಂದು ಈಚೆಗೆ" ಅಂದರು. ನಾಲ್ಕು ವರ್ಷದ ಮೇಲಿನ ಮೊದಲ ಮಾತು ಅದು.

ಟೀಚರ್ ಆ ಎಲೆಯನ್ನು ಈಚೆಗೆ ಹಾಕಿದರು. ಪರೀಕ್ಷೆಯ ವಿಷಯ ಎತ್ತಲಿಲ್ಲ. ಓಲೆಯ ಮಾತು ಆಡಬಾರದಿತ್ತು, ಎರಡು ದಿನ ತಡ ಮಾಡಿದ್ದೂ ತಪ್ಪೇ ಅಂದರು, ಅಷ್ಟೆ. ತಂಗಿಯ ಕೈ ನಿಂತಿತು.

"ಅವ್ವ ಕಡೇ ದಿನ್ವೆಲ್ಲ ನಿನ್ನೆಸ್ರೇ ಕರೀತಿದ್ಲು" ಅಂದರು. "ಪಕ್ಕದಲ್ಲಿ ಕೂತಿದ್ದೋಳು ನಾನು ಕನ ಅಕ್ಕಾ."

ಆಗ ನನಗೆ ಗೊತ್ತಾಯಿತು, ಅವರ ಸಿಟ್ಟು ಓಲೆಯ ಮಾತಿಗಲ್ಲ. ಅಕ್ಕನಿಗೂ ಗೊತ್ತಾಯಿತು. ಸೊಪ್ಪಿನ ಗುಡ್ಡೆಯ ಆಚೀಚೆ ಕೂತು ಇಬ್ಬರೂ ಅತ್ತರು. ಆಮೇಲೆ ತಂಗಿ ನಮಗೆ ಮುದ್ದೆ, ಅವರೇಕಾಳಿನ ಸಾರು ಉಣ್ಣಲಿಕ್ಕಿದರು. ಮರುದಿನ ಟೇಬಲ್ಲಿನ ಮೂಲೆಯಲ್ಲಿ ಬೇರೆ ಸಾಲು ಬಂತು. ಅದೇನು ಅಂತ ಈಗ ಎಷ್ಟು ಯೋಚಿಸಿದರೂ ನೆನಪಿಗೆ ಬರುತ್ತಿಲ್ಲ.

ನಾನು ಮದುವೆಯಾಗಿ ಹಾಸನಕ್ಕೆ ಬಂದೆ. ಮನೆಯಲ್ಲೇ ಬ್ಲೌಸ್ ಹೊಲಿಯಲು ಕೂತೆ. ಈಗ ನನ್ನ ಹತ್ತಿರವೂ ಇಬ್ಬರು ಹುಡುಗಿಯರಿದ್ದಾರೆ. ಸಕ್ಕರೆ ಕಾಯಿಲೆಯಿಂದ ಟೀಚರಿಗೆ ಕಣ್ಣು ಮಂದವಾಗುತ್ತಾ ಬಂತು. ಕ್ಲಾಸು ನಿಂತಿತು. ತಂಗಿಯೇ ಬಂದು ಅವರನ್ನು ತಮ್ಮ ಮನೆಗೆ ಕರೆದುಕೊಂಡು ಹೋದರು. ಪುಸ್ತಕ ಓದಿ ಹೇಳುವ ಕೆಲಸವೂ ಆಗ ತಂಗಿಯದೇ ಆಯಿತು. ಭಾನುವಾರ ಚರ್ಚು ಮುಗಿಸಿ ಬಂದ ಮೇಲೆ ಟೀಚರ್ ನನಗೆ ಫೋನ್ ಮಾಡಿಸುತ್ತಿದ್ದರು. ತೋಳಿನ ಸುತ್ತು ಸರಿ ಕೂರುತ್ತಿದೆಯಾ, ಅತ್ತೆಯ ಮಂಡಿನೋವು ಹೇಗಿದೆ, ಎಲ್ಲ ವಿಚಾರಿಸುವರು. ಪ್ರತಿ ಸಲವೂ ನಾನು "ಬತ್ತೀನಿ ಟೀಚರ್" ಅನ್ನುತ್ತಿದ್ದೆ. ಅವರು ಯಾವಾಗ ಅಂತ ಒಂದು ದಿನವೂ ಕೇಳಲಿಲ್ಲ. ಹಾಸನದಿಂದ ಅರಕಲಗೂಡು ಏನು ಮಹಾ ದೂರ? ಈಗಂತೂ ಹೆಂಗಸರಿಗೆ ಬಸ್ಸಿನಲ್ಲಿ ಟಿಕೆಟ್ಟಿಗೆ ದುಡ್ಡೂ ಇಲ್ಲ. ಅವರು ಅಲ್ಲಿದ್ದ ಆರು ವರ್ಷದಲ್ಲಿ ಮೂರು ಸಲ ಹೋದೆ.

ಹೋದ ಮಾಘದಲ್ಲಿ ಒಂದು ಮಂಗಳವಾರ ತಂಗಿ ಫೋನ್ ಮಾಡಿದರು. ಅಕ್ಕ ಊಟ ಬಿಟ್ಟಿದ್ದಾಳೆ, ಬರುವುದಾದರೆ ಬಾ ಅಂದರು. ನನ್ನ ಟೇಬಲ್ಲಿನ ಮೇಲೆ ಚನ್ನರಾಯಪಟ್ಟಣದ ಮದುವೆ ಮನೆಯ ಹದಿನಾರು ರವಿಕೆ. ಗುರುವಾರ ಸಂಜೆಗೆ ಕೊಡಬೇಕು. ಎರಡು ದಿನ ತಾನೆ ಅಂದುಕೊಂಡೆ. ಆ ಮಾತು ಎಲ್ಲಿ ಕೇಳಿದ್ದೆ ಅನ್ನುವುದು ಆಗ ತಲೆಗೆ ಹೊಳೆಯಲೇ ಇಲ್ಲ. ಶುಕ್ರವಾರ ಬೆಳಿಗ್ಗೆ ಹೋಗಿ ಇಳಿದರೆ, ಟೀಚರನ್ನು ಹಿಂದಿನ ಸಂಜೆಯೇ ಮಣ್ಣು ಮಾಡಿದ್ದರು. ಎಷ್ಟೋ ಸಲ ಫೋನ್ ಮಾಡಿದರಂತೆ. ಮಿಷನ್ನಿನ ಸದ್ದಿಗೆ ಕೇಳಿಸಿರಲಿಲ್ಲ, ನೋಡಿಯೂ ಇರಲಿಲ್ಲ.

ತಂಗಿ ಬಾಗಿಲಲ್ಲೇ ನನ್ನ ಕೈಗೆ ನೀರು ಕೊಟ್ಟರು. ಒಳಗೆ ಕೂರಿಸಿ ತಟ್ಟೆ ಇಟ್ಟರು. "ಮದುವೆ ಬಟ್ಟೆ ಇತ್ತಮ್ಮಾ, ನಾನು..." ಅಂತ ಶುರುಮಾಡಿದೆ.

"ಯೋಳ್ಬ್ಯಾಡ ಕನವ್ವ" ಅಂತ ಅವರು ಕೈ ಅಡ್ಡ ಹಿಡಿದರು. "ಅಕ್ಕ ಬುಧವಾರ್ವೇ ಯೋಳಿದ್ಲು. ಅವ್ಳು ಬತ್ತಾಳೆ, ತಡವಾಗ್ ಬತ್ತಾಳೆ. ಯಾಕ್ ತಡ ಆಯ್ತು ಅಂತ ಕೇಳ್ಬ್ಯಾಡ, ಮೊದ್ಲು ಉಣ್ಣಕ್ಕಿಕ್ಕು ಅಂದ್ಲು."

ಮುದ್ದೆ ಮುರಿದೆ. ಅವರು ಎದುರಿಗೇ ಕೂತು, ನಾನು ಪೂರ್ತಿ ಉಣ್ಣುವವರೆಗೂ ಏಳಲಿಲ್ಲ. ಆಮೇಲೆ ತಿಂಗಳಿಗೊಂದು ಸಲ ಆ ಮನೆಗೆ ಹೋಗುತ್ತಿದ್ದೇನೆ. ಒಂದು ದಿನವಾದರೂ ಯಾಕೆ ತಡ ಮಾಡಿದೆ ಅಂತ ಕೇಳಲಿ, ನಾಲ್ಕು ಜನರ ಮುಂದೆ ಬೈಯಲಿ ಅಂತ ಕಾಯುತ್ತೇನೆ. ಅವರು ಕೇಳಿಲ್ಲ. ಅಕ್ಕನಿಗೆ ಮಾತು ಕೊಟ್ಟಿದ್ದಾರೆ, ಇನ್ನು ಕೇಳುವುದೂ ಇಲ್ಲ.