ಅಚ್ಚಿಗೆ ಹಚ್ಚಿದ ಎಣ್ಣೆ

ಚಳಿ ಶುರುವಾಯ್ತಲ್ಲ, ನಿನ್ನೆ ಕ್ಲಾಸೆಟ್ಟಿಂದ ಹಳೇ ಕೋಟ್ ತೆಗೆದೆ. ಜೇಬಿಗೆ ಕೈ ಹಾಕಿದ್ರೆ ಒಂದು ಟಿಶ್ಯೂ, ಎರಡು ಒಣ ಏಲಕ್ಕಿ, ಆಮೇಲೆ ಒಂದು ಸೀಸದ ಗುಂಡು. ಅಡಿಕೆಗಿಂತ ಸಣ್ಣದು, ತೂಕ ಮಾತ್ರ ಅಡಿಕೆಯ ಅಜ್ಜ. ಮೈಯೆಲ್ಲ ಸುಕ್ಕು. ಕಿಟಕಿ ಹತ್ರ ಹಿಡಿದು ನೋಡ್ಕೊಂಡು ಒಬ್ಬಳೇ ನಕ್ಕೆ. ಕೋಟ್ ಜೇಬಲ್ಲಿ ಗುಂಡು ಸಿಗೋ ಅಜ್ಜೀರು ಮಗಳಿರೋ ಈ ಸುವಾನೀ ಊರಲ್ಲಿ ಇನ್ನೆಷ್ಟು ಜನ ಇದ್ದಾರೋ. ಕೈ ಚೆನ್ನಾಗಿ ತೊಳ್ಕೊಂಡು ಬಂದು ಕೂತಿದ್ದೀನಿ. ಫೋನಲ್ಲಿ ಕನ್ನಡ ಒತ್ತೋದು ಈಗೀಗ ಕಲ್ತಿದ್ದು, ನಿಧಾನ ಆಗುತ್ತೆ. ನೀವೂ ಒಂದು ಲೋಟ ಕಾಫಿ ಇಟ್ಕೊಂಡು ಕೂತ್ಕೊಳ್ಳಿ.

ನಮ್ಮ ಪಕ್ಕದ ಮನೆ ಡಾಟ್ ನನಗಿಂತ ಮೂರು ವರ್ಷಕ್ಕೆ ದೊಡ್ಡೋಳು. ಸ್ಕೂಲ್ ಬಸ್ ಓಡಿಸಿ ರಿಟೈರ್ ಆದವಳು, ಹಾಗಾಗಿ ಯಾರ ಹತ್ರ ಮಾತಾಡಿದ್ರೂ ಹಿಂದಿನ ಸೀಟಿಗೆ ಕೇಳಿಸೋ ಹಾಗೇ ಮಾತಾಡ್ತಾಳೆ. ತೀರಿಹೋದ ಗಂಡನ ರಿವಾಲ್ವರ್ ಒಂದು ಅವಳ ಹತ್ರ ಇದೆ. ಫಾರ್ಟಿಫೋರ್ ಅಂತಾರೆ, ನಮ್ಮನೆ ಕಬ್ಬಿಣದ ಕುಟ್ಟಾಣಿಯಷ್ಟು ಭಾರ. ನಾವು ಶನಿವಾರ ಹನುಮಂತನ ಗುಡಿಗೆ ಹೋಗ್ತೀವಲ್ಲ, ಅವಳು ಅಷ್ಟೇ ನಿಷ್ಠೆಯಿಂದ ಗುಡ್ಡದ ಕಡೆ ಶೂಟಿಂಗ್ ರೇಂಜಿಗೆ ಹೋಗಿ, ಕಾಗದದ ಊಟದ ತಟ್ಟೆ ಸಿಕ್ಕಿಸಿ, ಇಪ್ಪತ್ತೈದು ಗಜ ದೂರದಿಂದ ಹೊಡೆದು ಬರ್ತಾಳೆ. ಬಂದ್ಮೇಲೆ ತೂತು ಬಿದ್ದ ತಟ್ಟೆ ಬೇಲಿ ಮೇಲಿಂದ ನನಗೆ ತೋರಿಸಬೇಕು. ನಾನು ‘ವೆರಿ ಗುಡ್’ ಅನ್ನಬೇಕು. ನಮ್ಮ ಸ್ನೇಹ ಹಾಗೆ ಶುರುವಾಗಿದ್ದು.

ಕೊರೊನಾ ವರ್ಷ ಅಂಗಡೀಲಿ ಟಾಯ್ಲೆಟ್ ಪೇಪರೂ ಇಲ್ಲ, ಗುಂಡೂ ಇಲ್ಲ. ಮನೇಲೇ ಗುಂಡು ಮಾಡ್ಕೊಳ್ಳೋಣ ಅಂತ ಡಾಟ್ ಗಂಡನ ಹಳೇ ಸಾಮಾನು ಕೆಳಗಿಳಿಸಿದಳು. ಸೀಸ ಕರಗಿಸೋ ಕರೆಂಟ್ ಪಾತ್ರೆ, ಇಕ್ಕಳದ ಥರ ಮರದ ಹಿಡಿ ಇರೋ ಕಬ್ಬಿಣದ ಅಚ್ಚು, ಅವನು ಬರೆದಿಟ್ಟ ಒಂದು ನೋಟ್‌ಬುಕ್. ಅಚ್ಚಿನೊಳಗೆ ಎರಡು ಗುಳಿ. ನಾನು ನೋಡಿ, ‘ಅಯ್ಯೋ, ಇದು ನಮ್ಮ ಪಡ್ಡಿನ ಕಾವಲಿ ಕಣೆ’ ಅಂದೆ, ಕನ್ನಡದಲ್ಲೇ. ಅವಳಿಗೆ ಏನು ಅರ್ಥ ಆಯ್ತೋ, ‘ಎಕ್ಸಾಕ್ಟ್ಲಿ’ ಅಂದಳು. ಅಲ್ಲಿಂದಾಚೆ ನಾನು ಅವಳ ಅಸಿಸ್ಟೆಂಟು.

ಮಗಳು ಸ್ಮಿತಾ ಮೇಲ್ಗಡೆ ಮೀಟಿಂಗಲ್ಲಿ ಇರೋಳು. ನಾನು ವಾಕಿಂಗ್ ಅಂತ ಹೇಳಿ ಹೊರಡೋದು, ಇಪ್ಪತ್ತು ಹೆಜ್ಜೆ ನಡೆದು ಡಾಟ್ ಗ್ಯಾರೇಜ್ ಸೇರೋದು. ಒಂದಿನ ಸಿಕ್ಕಿಬಿದ್ದೆ. ‘ಅಮ್ಮಾ, ಅದು ಲೆಡ್ಡು, ವಿಷ’ ಅಂತ ಗಲಾಟೆ ಮಾಡಿದಳು. ಡಾಟ್ ಅವಳಿಗಿಂತ ಸ್ಟ್ರಿಕ್ಟು. ಬಾಗಿಲು ತೆಗೆದಿರಬೇಕು, ಫ್ಯಾನ್ ಓಡ್ತಿರಬೇಕು, ಕೈಗೆ ಗ್ಲವ್ಸು, ಬಾಯಿಗೆ ಒಂದು ಕಡಲೆಕಾಯೂ ಇಲ್ಲ, ಮುಗಿದ್ಮೇಲೆ ಚಪ್ಪಲಿ ಹೊರಗೆ ಬಿಟ್ಟು ಸೋಪು ಹಾಕಿ ಕೈ ತೊಳೀಬೇಕು. ನಮ್ಮತ್ತೆ ಮಡೀಲಿ ಇದ್ದಾಗಲೂ ನಾನು ಇಷ್ಟು ಸಲ ಕೈ ತೊಳೆದಿರಲಿಲ್ಲ.

ನನ್ನ ಕೆಲಸ ಒಳ್ಳೇದು ಕೆಟ್ಟದ್ದು ಆರಿಸೋದು. ಡಾಟ್‌ಗೆ ದೂರದ್ದು ಚೆನ್ನಾಗಿ ಕಾಣುತ್ತೆ, ಹತ್ತಿರದ್ದು ಮಂಜು. ಅವಳು ಹುಯ್ದು, ತಟ್ಟಿ, ಟವೆಲ್ ಮೇಲೆ ಬೀಳಿಸಿದ್ದನ್ನ ನಾನು ಆರಿದ್ಮೇಲೆ ನೋಡಿ, ಸುಕ್ಕಾಗಿರೋದನ್ನ ವಾಪಸ್ ಪಾತ್ರೆಗೆ ಅಂತ ಬೇರೆ ಇಡಬೇಕು. ಸೀಸದ ಗುಂಡು ಮೆತ್ತಗೆ ನೋಡಿ. ನಳಿಗೆಯೊಳಗೆ ಬಿಗಿಯಾಗಿ ಕೂತು ತಿರುಗ್ತಾ ಆಚೆ ಹೋದ್ರೆ ಮಾತ್ರ ನೆಟ್ಟಗೆ ಹೋಗುತ್ತೆ. ಅಚ್ಚು ಪೂರ್ತಿ ತುಂಬಿರದಿದ್ರೆ ಒಂದು ಕಡೆ ಭಾರ, ಒಂದು ಕಡೆ ಟೊಳ್ಳು, ಕುಡಿದೋನ ಥರ ಓಲಾಡ್ಕೊಂಡು ಹೋಗುತ್ತೆ. ಮೇಲೆ ಜೇನುಮೇಣದ ಗ್ರೀಸು ಹಚ್ಚೋದು, ಮದ್ದು ಅಳೆದು ತುಂಬೋದು ಎಲ್ಲ ಅವಳದು. ಮದ್ದನ್ನ ಮುಟ್ಟೋಕೆ ನನಗೆ ಪರ್ಮಿಶನ್ ಇರಲಿಲ್ಲ.

ನೀವೂ ಹೊಡೆದ್ರಾ ಅಂತ ಕೇಳ್ತೀರಿ. ಒಂದೇ ಒಂದು ಸಲ. ವಿಸಿಟರ್ ವೀಸಾದೋರು ಇಲ್ಲಿ ಗನ್ ಮುಟ್ಟೋ ಹಾಗಿಲ್ಲ, ನನಗೆ ಗ್ರೀನ್ ಕಾರ್ಡ್ ಬಂದಾಗಿತ್ತು, ಗಾಬರಿ ಆಗ್ಬೇಡಿ. ಗುಂಡು ಎಲ್ಲಿ ಹೋಯ್ತೋ ಎದುರಿಗಿದ್ದ ಮಣ್ಣುದಿಬ್ಬಕ್ಕೇ ಗೊತ್ತು. ನನ್ನ ಕನ್ನಡಕ ಹಣೆ ಮೇಲೆ ಹೋಗಿ ಕೂತಿತ್ತು.

ಬೇಸಿಗೆಯೆಲ್ಲ ಡಾಟ್ ಆರು ಗುಂಡಿಗೆ ಐದು ತಟ್ಟೆಗೆ ಬೀಳಿಸ್ತಿದ್ಲು. ಸೆಪ್ಟೆಂಬರಲ್ಲಿ ಎರಡು ವಾರ ಸೌತ್ ಕ್ಯಾರೊಲೈನಾಕ್ಕೆ, ತಂಗಿ ಮನೆಗೆ ಹೋದಳು. ಗಿಡಕ್ಕೆ ನೀರು ಹಾಕು ಅಂತ ಗ್ಯಾರೇಜ್ ಬಾಗಿಲು ತೆಗೆಯೋ ನಂಬರ್ ನನಗೆ ಕೊಟ್ಟಿದ್ಲು. ಗಿಡಕ್ಕೆ ನೀರು ಹಾಕಿ ಒಳಗೆ ನೋಡಿದ್ರೆ ಅಚ್ಚಿನ ಅಂಚಿಗೆ ಸಣ್ಣಗೆ ತುಕ್ಕು. ಕಬ್ಬಿಣದ ಸಾಮಾನು ತುಕ್ಕು ಹಿಡಿಯೋದು ನೋಡಿ ಸುಮ್ನೆ ಹೋಗೋಕೆ ನನ್ನಿಂದ ಆಗಲ್ಲ. ಮನೆಗೆ ತಂದು ಹಿತ್ತಲಲ್ಲಿ ಉಜ್ಜಿ, ಒಣಗಿಸಿ, ಗುಳಿಯೊಳಗೆಲ್ಲ ಕೊಬ್ಬರಿ ಎಣ್ಣೆ ಸವರಿ ವಾಪಸ್ ಇಟ್ಟೆ. ಅವಳು ಬಂದ್ಮೇಲೂ, ಕೆಲಸ ಮುಗಿಸಿ ಅವಳು ಒಳಗೆ ಹೋದ ತಕ್ಷಣ ಎಣ್ಣೆ ಬಟ್ಟೇಲಿ ಒಂದು ಕೈ ಒರೆಸಿಡ್ತಿದ್ದೆ. ಹೇಳಲಿಲ್ಲ. ಪಾತ್ರೆ ತೊಳೆದಿಟ್ಟೆ ಅಂತ ಯಾರಾದ್ರೂ ಹೇಳ್ಕೊಂಡು ತಿರುಗ್ತಾರಾ? ಮುಂದಿನ ಸಲ ಬಿಸಿ ಸೀಸ ಹುಯ್ದಾಗ ಗಮ್ ಅಂತ ಕೊಬ್ಬರಿ ವಾಸನೆ. ನನಗೆ ಖುಷಿ. ಅವಳಿಗೆ ಕೊರೊನಾ ಬಂದು ಮೂಗೇ ಸತ್ತಿತ್ತು.

ಅವತ್ತಿಂದ ಗುಂಡಿಗೆಲ್ಲ ಸುಕ್ಕು. ನಾನು ನೋಡಿದೆ. ಜಾಸ್ತಿ ಸುಕ್ಕಾಗಿದ್ದನ್ನ ಆಚೆ ಇಟ್ಟೆ, ಸ್ವಲ್ಪ ಸುಕ್ಕಾಗಿದ್ದನ್ನ ಇರಲಿ ಬಿಡು ಅಂದ್ಕೊಂಡೆ. ನನ್ನ ಮುಖಕ್ಕಿಂತ ವಾಸಿ ಇತ್ತು.

ಅಕ್ಟೋಬರಲ್ಲಿ ಬೇಲಿ ಹತ್ರ ತಟ್ಟೆ ಬರೋದು ನಿಂತುಹೋಯ್ತು. ಆರಕ್ಕೆ ಎರಡು, ಆಮೇಲೆ ಒಂದು. ನಳಿಗೆ ತುಂಬ ಸೀಸ ಮೆತ್ತಿಕೊಳ್ಳೋದು, ಕೂತು ಕೆರೆಯೋಳು. ‘ನನ್ನ ಕೈ ಹೋಯ್ತು’ ಅಂದಳು ಒಂದಿನ. ಆ ಸಲ ದನಿ ಹಿಂದಿನ ಸೀಟಿನ ತನಕ ಹೋಗಲಿಲ್ಲ. ಶಾರ್ಲಟ್‌ನಲ್ಲಿರೋ ಮಗ ರಾಬಿ ಎರಡು ವರ್ಷದಿಂದ ಹೇಳ್ತಾನೇ ಇದ್ದ, ‘ಮಾಮಾ, ಸಾಕು, ಡ್ಯಾಡಿ ಗನ್ ನನಗೆ ಕೊಟ್ಬಿಡು.’ ಇವಳು ‘ಗುರಿ ತಪ್ಪಿದ ದಿನ ಕೊಡ್ತೀನಿ’ ಅಂದಿದ್ಲು. ಈಗ ಅವಳೇ ಫೋನ್ ಮಾಡಿ, ನವೆಂಬರ್ ಕೊನೇಲಿ ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ಬಂದಾಗ ತಗೊಂಡ್ಹೋಗು ಅಂದಳಂತೆ. ನಾನು ‘ವಯಸ್ಸಾಯ್ತಲ್ಲ, ಎಲ್ಲರಿಗೂ ಆಗೋದೇ’ ಅಂತ ದೊಡ್ಡದಾಗಿ ಸಮಾಧಾನ ಮಾಡಿದೆ. ಈಗ ನೆನೆಸ್ಕೊಂಡ್ರೆ ನಾಚಿಕೆ ಆಗುತ್ತೆ.

ಹಬ್ಬದ ಹಿಂದಿನ ದಿನ ಸ್ಕೂಲ್ ರಜ. ಮೊಮ್ಮಗಳು ಅನ್ವಿಗೆ ಪಡ್ಡು ಹಾಕ್ತಿದ್ದೆ. ಸ್ಟೂಲ್ ಹತ್ತಿ ನೋಡ್ತಾ ಇದ್ಲು.

‘ಅಜ್ಜಿ, ವೈ ಸೋ ಮಚ್ ಆಯಿಲ್?’

‘ಹಿಟ್ಟು ಗುಳಿಗೆ ಅಂಟಬಾರದು ಪುಟ್ಟಿ.’

‘ಬಟ್ ಇದು ನೋಡು, ಇಟ್ಸ್ ಆಲ್ ರಿಂಕ್ಲಿ. ಲೈಕ್ ಯು.’

ತಿರುಗಿಸಿದ ಪಡ್ಡಿನ ಬೆನ್ನು ನೋಡಿದೆ. ಎಣ್ಣೆ ಜಾಸ್ತಿ ಆದ ಕಡೆ ಹಿಟ್ಟು ಒಳಗೆ ಸರಿದು ಗುಂಡಿ ಗುಂಡಿ, ಸುಕ್ಕು ಸುಕ್ಕು. ಕೈಯಲ್ಲಿದ್ದ ಚಮಚ ಹಾಗೇ ನಿಂತುಹೋಯ್ತು. ಪಡ್ಡಿಗೇನೋ ಅಂಟಬಾರದು. ಸೀಸ ಅಂಟ್ಕೊಂಡು ಮೂಲೆ ಮೂಲೆ ತುಂಬಬೇಕಲ್ಲ. ಬಿಸಿ ಸೀಸ ಬಿದ್ದ ತಕ್ಷಣ ನನ್ನ ಕೊಬ್ಬರಿ ಎಣ್ಣೆ ಹೊಗೆಯಾಗಿ ಅದನ್ನ ಆಚೆ ತಳ್ತಾ ಇದೆ. ಎರಡು ತಿಂಗಳಿಂದ.

ಹೇಳದೇ ಇರಬಹುದಿತ್ತು. ಅದೂ ಮನಸ್ಸಿಗೆ ಬಂತು, ನಿಮ್ಮ ಹತ್ರ ಯಾಕೆ ಮುಚ್ಚಿಡಲಿ. ಗುಟ್ಟಾಗಿ ಅಚ್ಚು ತೊಳೆದುಬಿಟ್ರೆ ಯಾರಿಗೂ ಗೊತ್ತಾಗಲ್ಲ. ಆದ್ರೆ ಕಿಟಕೀಲಿ ನೋಡ್ತೀನಿ, ರಾಬಿ ಪಿಕಪ್ ಟ್ರಕ್ ಆಗಲೇ ಬಂದು ನಿಂತಿದೆ. ಸ್ಟವ್ ಆರಿಸಿ, ಬಾತ್‌ರೂಮ್ ಚಪ್ಪಲೀಲೇ ಲಾನ್ ಮೇಲೆ ಓಡಿದೆ.

ಅಡುಗೆಮನೆ ಟೇಬಲ್ ಮೇಲೆ ಮರದ ಪೆಟ್ಟಿಗೆ ಮುಚ್ಚಿ ಇಟ್ಟಿದ್ದಳು. ರಾಬಿ ಎದುರಿಗೆ ಕೂತಿದ್ದ, ಆರಡಿ ಆಳು.

‘ಡಾಟ್, ನಿನ್ನ ಕೈ ಚೆನ್ನಾಗಿದೆ. ಹಾಳು ಮಾಡಿದ್ದು ನಾನು’ ಅಂದು, ಬಂದಷ್ಟು ಇಂಗ್ಲಿಷಲ್ಲಿ ಎಲ್ಲ ಹೇಳಿದೆ.

‘ಕೊಬ್ಬರಿ ಎಣ್ಣೇನಾ?’ ಅಂದ ರಾಬಿ.

‘ಪ್ಯೂರ್’ ಅಂದೆ.

ಡಾಟ್ ನಗಲಿಲ್ಲ. ಕನ್ನಡಕ ತೆಗೆದು ಒರೆಸಿದಳು. ‘ಸುಕ್ಕು ನೋಡಿದ್ಯಾ?’

‘ನೋಡಿದ್ದೆ.’

‘ನೋಡೀನೂ ಒಳ್ಳೇದರ ಜೊತೆ ಹಾಕಿದೆ.’

‘ಸ್ವಲ್ಪ ತಾನೇ ಅಂತ.’

‘ನಾನು ಇವನಿಗೆ ಅತ್ಕೊಂಡು ಫೋನ್ ಮಾಡಿದೆ, ಗೊತ್ತಾ ನಿನಗೆ?’

ಗೊತ್ತಿರಲಿಲ್ಲ. ಅವಳು ಎದ್ದು ಗ್ಯಾರೇಜ್ ಬಾಗಿಲು ತೆಗೆದು, ‘ಗ್ಲವ್ಸ್ ಹಾಕ್ಕೋ’ ಅಂದಳು.

ಡಿಶ್ ಸೋಪಲ್ಲಿ ಅಚ್ಚು ತಿಕ್ಕಿ, ಒಂದು ಹನಿ ನೀರಿಲ್ಲದ ಹಾಗೆ ಒಣಗಿಸಿ ಕಾಯಿಸಿದ್ವಿ. ಮದ್ದು ತುಂಬದೆ ಉಳಿದ ಸುಕ್ಕುಗುಂಡನ್ನೆಲ್ಲ ನಾನೇ ಒಂದು ಚೂರೂ ಎಣ್ಣೆ ಇಲ್ಲದ ಹಾಗೆ ಒರೆಸಿ ಕರಗಿಸೋಕೆ ಕೊಡಬೇಕು, ಅದು ಶಿಕ್ಷೆ. ಒಂದು ಹೇಗೋ ನನ್ನ ಕೋಟ್ ಜೇಬು ಸೇರಿರಬೇಕು, ಅದೇ ನಿನ್ನೆ ಸಿಕ್ಕಿದ್ದು. ಹತ್ತನೇ ಸಲಕ್ಕೆ ಟವೆಲ್ ಮೇಲೆ ಬಿದ್ದವು ನೋಡಿ, ಅಂಚೆಲ್ಲ ಚೂಪು, ಬೆಳ್ಳಿ ಬಟ್ಟಲಿನ ಹೊಳಪು.

ಹಬ್ಬದ ಮಾರನೇ ದಿನ, ಶುಕ್ರವಾರ, ಮೂರೂ ಜನ ರೇಂಜಿಗೆ ಹೋದ್ವಿ. ಮೊದಲು ರಾಬಿ, ಆಗಲೇ ಮದ್ದು ತುಂಬಿಟ್ಟಿದ್ದ ಹಳೇ ಗುಂಡಲ್ಲಿ. ನಲವತ್ತರ ಕಣ್ಣು, ಮರದ ದಿಮ್ಮಿಯಂಥ ಕೈ. ಆರಲ್ಲಿ ಒಂದು ತಟ್ಟೆಗೆ ತಗಲ್ತು. ನಳಿಗೆ ಕೆರೆದು ಶುಚಿ ಮಾಡಿದ್ಮೇಲೆ ಡಾಟ್, ಹೊಸದರಲ್ಲಿ. ನಾನು ಕಿವಿ ಮುಚ್ಕೊಂಡು, ಯಾವ ದೇವರನ್ನ ಈ ಕೆಲಸಕ್ಕೆ ಕರೀಬೇಕೋ ತಿಳೀದೆ, ಸುಮ್ನೆ ಎಲ್ಲರ ಹೆಸರೂ ಹೇಳ್ಕೊಂಡೆ. ರಾಬಿ ಹೋಗಿ ತಟ್ಟೆ ತಂದ. ಐದು ಒಳಗೆ. ಒಂದು ಪೂರ್ತಿ ಆಚೆ.

ಡಾಟ್ ತಟ್ಟೆ ಅಂಚಿನಾಚೆ, ಏನೂ ಇಲ್ಲದ ಕಡೆ ಬೆರಳು ತೋರಿಸಿದಳು. ‘ಈ ತಪ್ಪು ನಂದು. ಎರಡು ತಿಂಗಳದ್ದು ನಿಂದು.’

ರಾಬಿ ಪೆಟ್ಟಿಗೆ ಮುಚ್ಚಿ, ತನ್ನ ಟ್ರಕ್ಕಿಗಲ್ಲ, ಅಮ್ಮನ ಕಾರಿಗೆ ಇಟ್ಟ.

ಇವತ್ತಿಗೂ ಪೆಟ್ಟಿಗೆ ಅಲ್ಲೇ ಪಕ್ಕದ ಮನೇಲಿದೆ. ತಟ್ಟೆಗೆ ಈಗ ನಾಕು ಬೀಳುತ್ತೆ, ಒಮ್ಮೊಮ್ಮೆ ಮೂರು. ಅವಳು ಆರಾಮಾಗಿದ್ದಾಳೆ, ಯಾವ ತಪ್ಪು ಯಾರದ್ದು ಅಂತ ಗೊತ್ತಲ್ಲ.

ಇಷ್ಟು ಬರೆಯೋ ಹೊತ್ತಿಗೆ ಕೆಳಗಿಂದ ಸ್ಮಿತಾ ಕೂಗಿದಳು, ‘ಅಮ್ಮಾ, ಸಾರು ಉಪ್ಪು ಉಪ್ಪು.’ ಮೊದಲಾಗಿದ್ರೆ, ವಯಸ್ಸಾಯ್ತು ಕಣೆ, ಕೈ ಅಂದಾಜು ತಪ್ಪುತ್ತೆ ಅಂತ ಮುಖ ಸಣ್ಣದು ಮಾಡ್ಕೊಂಡು ಕೂರ್ತಿದ್ದೆ. ಈಗ ನೆಟ್ಟಗೆ ಇಳಿದುಹೋಗಿ ಉಪ್ಪಿನ ಡಬ್ಬ ತೆಗೆದು ನೋಡಿದೆ. ಹೊಸ ಬ್ರ್ಯಾಂಡೇನಾದ್ರೂ ತಂದಿದ್ದಾಳಾ, ಚಮಚ ಬದಲಾಗಿದೆಯಾ, ಅನ್ವಿ ಏನಾದ್ರೂ ಇನ್ನೊಂದು ಸಲ ಹಾಕಿದ್ಲಾ. ಎಲ್ಲ ವಿಚಾರಿಸಿದೆ. ಅದೇ ಉಪ್ಪು, ಅದೇ ಚಮಚ, ಅನ್ವಿ ಸ್ಕೂಲಲ್ಲಿ.

‘ಸರಿ, ನಾನೇ ಹಾಕಿದ್ದು’ ಅಂದು, ಒಂದು ಲೋಟ ಬಿಸಿನೀರು ಹುಯ್ದು, ತಟ್ಟೆ ಹಾಕ್ಕೊಂಡು ಕೂತೆ. ಚೆನ್ನಾಗೇ ಇತ್ತು.